ಮೂರು ಮಗ್ಗುಲಿನ ಕಾಗದ

ನಮ್ಮ ಯಜಮಾನರು ಕೈಗೆ ಸಿಕ್ಕ ಕಾಗದವನ್ನು ಒಂದು ಸಲವಾದರೂ ಮಡಚದೆ ಬಿಟ್ಟದ್ದನ್ನು ನಾನು ಕಂಡಿಲ್ಲ. ಬಸ್ಸಿನ ಟಿಕೀಟು, ಮದುವೆಯ ಆಮಂತ್ರಣ, ಔಷಧದ ಪುಡಿ ಕಟ್ಟಿ ಕೊಟ್ಟ ಚೀಟಿ, ಪಂಚಾಂಗದ ಹಾಳೆ, ಯಾವುದಕ್ಕೂ ವಿನಾಯಿತಿ ಇಲ್ಲ. ಕಾಗದ ಸಿಗದಿದ್ದರೆ ರೊಟ್ಟಿ! ರೊಟ್ಟಿಯನ್ನು ಎಲ್ಲರೂ ಮಡಚುತ್ತಾರಲ್ಲ ಎನ್ನಬೇಡಿ. ಎಲ್ಲರೂ ಪಲ್ಯ ಇಟ್ಟು ಮಡಚಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಇವರು ಮಡಚಿ, ಬಿಚ್ಚಿ, ಗೆರೆ ನೋಡಿ, "ಮೂಲಿ ಅರವತ್ತು ಅಂಶ ಬರವಲ್ದು" ಎಂದು ಮುಖ ಸಣ್ಣದು ಮಾಡಿಕೊಂಡು, ಆಮೇಲೆ ತಿನ್ನುತ್ತಾರೆ. ಅಷ್ಟರಲ್ಲಿ ರೊಟ್ಟಿ ಆರಿ ಹೋಗಿರುತ್ತದೆ. ಆರಿದ ರೊಟ್ಟಿ ಬಡಿಸಿದಳೆಂದು ಬೈಸಿಕೊಳ್ಳುವವಳು ನಾನು.

ಇವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನಮ್ಮ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ ಎಂಬುದೊಂದು ಕಾರಣ. ಇನ್ನೊಂದು, ಇವರ ಕೈಯಲ್ಲಿ ಗಣಿತ ಕಲಿತು ಇಂದಿಗೂ ಕನಸಿನಲ್ಲಿ ಬೆಚ್ಚಿ ಬೀಳುವ ಮಂದಿ ರೋಣದ ಸುತ್ತಮುತ್ತ ಬಹಳ ಇದ್ದಾರೆ. ಈ ವಯಸ್ಸಿನಲ್ಲಿ ಅವರ ನಿದ್ದೆ ಕೆಡಿಸುವ ಪಾಪ ನನಗೇಕೆ?

ಹೆದರಿಕೆಯ ಮಾತು ಬಂದಿತಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾನು ಹುಟ್ಟಾ ಅಂಜುಬುರುಕಿ. ಹಲ್ಲಿಗೆ ಅಂಜುತ್ತಿದ್ದೆ, ಗುಡುಗಿಗೆ ಅಂಜುತ್ತಿದ್ದೆ, ಯಾರಾದರೂ ಗಟ್ಟಿಯಾಗಿ ಸೀನಿದರೂ ಅಂಜುತ್ತಿದ್ದೆ. ಗಜೇಂದ್ರಗಡದಲ್ಲಿ ನಮ್ಮಪ್ಪನದು ಸೀರೆಯ ಅಂಗಡಿ. ಗಿರಾಕಿಗಳು ಬಿಚ್ಚಿ ಹಾಕಿ ಹೋದ ಸೀರೆಗಳನ್ನು ಮತ್ತೆ ಘಡಿ ಮಾಡಿ ಇಡುವುದು ನನ್ನ ಕೆಲಸ. ಅದನ್ನೂ ಒಳಕೋಣೆಯಲ್ಲಿ ಕುಳಿತು ಮಾಡುತ್ತಿದ್ದೆ, ಹೊರಗೆ ಗಿರಾಕಿಗಳಿರುತ್ತಾರಲ್ಲ ಎಂಬ ಅಂಜಿಕೆಯಿಂದ! ಇಂಥವಳಿಗೆ ಇಂಥವರು ಗಂಟು ಬಿದ್ದರು.

ಏಕೀಕರಣವಾದ ಮರುವರ್ಷ ರೋಣದಿಂದ ನನಗೊಂದು ಸಂಬಂಧ ಬಂತು. ಹುಡುಗ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ ಎಂದರು. ಎದೆ ಹೊಡೆದುಕೊಳ್ಳಲು ನನಗೆ ಅಷ್ಟು ಸಾಕಾಯಿತು. ನೋಡಲು ಬಂದ ದಿನ ಪದ್ಧತಿಯಂತೆ ಎಲೆ-ಅಡಿಕೆಯ ತಾಟು ಹಿಡಿದು ಹೊರಗೆ ಬಂದೆ. ಅವ್ವ ಕಲಿಸಿದ ಹಾಗೆ ಒಂದೊಂದು ಎಲೆಯನ್ನೂ ಮೂರು ಮೂಲೆ ಬರುವಂತೆ ಮಡಚಿ ಲವಂಗ ಚುಚ್ಚಿದ್ದೆ. ಬಂದವರೆಲ್ಲ ನನ್ನನ್ನು ನೋಡಿದರು. ನಡೆ ಎಂದರು, ನಡೆದೆ. ಹಾಡು ಎಂದರು, ಗಂಟಲಿನಿಂದ ಗಾಳಿ ಮಾತ್ರ ಬಂತು. ವರ ಮಹಾಶಯರು ಏನು ಮಾಡುತ್ತಿದ್ದರು ಗೊತ್ತೇ? ತಾಟಿನಿಂದ ಒಂದು ಎಲೆ ಎತ್ತಿಕೊಂಡು, ಲವಂಗ ಕಿತ್ತು, ಬಿಚ್ಚಿ, ಒಳಗಿನ ಸುಣ್ಣ-ಅಡಿಕೆಯನ್ನೆಲ್ಲ ಧೋತರದ ಮೇಲೆ ಚೆಲ್ಲಿಕೊಂಡು, ಅದನ್ನು ಮತ್ತೆ ಮಡಚುತ್ತ, ಮತ್ತೆ ಬಿಚ್ಚುತ್ತ ಕುಳಿತಿದ್ದರು! ಕೊನೆಗೆ ಅವರ ತಾಯಿ, ಅಂದರೆ ಮುಂದೆ ನನಗೆ ಅತ್ತೆಯಾದವರು, ಮೊಣಕೈಯಿಂದ ತಿವಿದು ಕೇಳಿದರು:

"ಏ ತಮ್ಮಾ, ಹುಡುಗಿ ಹ್ಯಾಂಗ ಅನಸ್ತಾಳ?"

"ಮೂರೂ ಬಾಜೂ ಸಮ ಬಂದಾವ ನೋಡವ್ವಾ! ಅದೂ ಫೂಟಪಟ್ಟಿ ಹಿಡೀದನ!"

ಹೀಗೆ ನಾನು ಪಾಸಾದೆ. ಅವರು ನನ್ನ ಮುಖ ನೋಡಿದ್ದರೋ ಇಲ್ಲವೋ, ಅಕ್ಷತೆ ಬೀಳುವವರೆಗೂ ನನಗೆ ಗೊತ್ತಿರಲಿಲ್ಲ. ಅಕ್ಷತೆ ಬಿದ್ದ ಮೇಲೂ ಗೊತ್ತಾಗಲಿಲ್ಲ. ಯಾಕೆಂದರೆ ಅವರು ಬಾಸಿಂಗದ ಕಾಗದ ಎಲ್ಲಿ ಮಡಚಿದೆ ಎಂದು ಕೈಯಾಡಿಸಿ ನೋಡುತ್ತಿದ್ದರು.

ಗಂಡನ ಮನೆಗೆ ನಡೆಯಲೆಂದು ರೋಣಕ್ಕೆ ಬಂದೆ. ಮನೆಯಲ್ಲಿ ನಾವು ಮೂವರೇ: ಅತ್ತೆ, ಇವರು, ನಾನು. ಇವರು ಬೈಯುವವರಲ್ಲ, ಹೊಡೆಯುವವರಲ್ಲ. ಆದರೂ ಇವರ ಎದುರು ನನ್ನ ನಾಲಿಗೆ ಏಳುತ್ತಿರಲಿಲ್ಲ. ಏನಾದರೂ ಕೇಳಿದರೆ "ಹೂಂ" ಅಥವಾ "ಊಹೂಂ". ನಾನಾಗಿ ಹೇಳಬೇಕಾದದ್ದು ಏನಿದ್ದರೂ ಅತ್ತೆಯ ಮೂಲಕವೇ ಹೋಗಬೇಕು. ಇವರು ಎರಡು ಮಾರು ದೂರದಲ್ಲಿ ಕುಳಿತಿರುತ್ತಿದ್ದರು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಅತ್ತೀ, ಊಟಕ್ಕ ಏಳಬೇಕಂತ ಹೇಳ್ರಿ" ಎನ್ನುತ್ತಿದ್ದೆ. ಅತ್ತೆ ಮಗನ ಕಡೆ ತಿರುಗಿ, "ಏ, ಊಟಕ್ಕ ಏಳಬೇಕಂತೋ" ಎನ್ನುತ್ತಿದ್ದರು. ಇವರು, "ಬಂದ್ನಿ ಅಂತ ಹೇಳವ್ವಾ" ಎನ್ನುತ್ತಿದ್ದರು. ಅತ್ತೆ ನನ್ನ ಕಡೆ ತಿರುಗಿ, "ಬಂದಾನಂತ" ಎನ್ನುತ್ತಿದ್ದರು. ಪಾಪ, ಆ ಮುದುಕಿಯ ಕುತ್ತಿಗೆ ನೋಯುತ್ತಿತ್ತೋ ಏನೋ! ಅತ್ತೆ ಮನೆಯಲ್ಲಿ ಇಲ್ಲದಾಗ ತಂಬಿಗೆಯನ್ನು ನೆಲಕ್ಕೆ ಕುಟ್ಟುತ್ತಿದ್ದೆ. ಅದರ ಅರ್ಥ ಅವರೇ ಮಾಡಿಕೊಳ್ಳಬೇಕು.

ಹೀಗಿರುವಾಗ ಒಂದು ಬೆಳಿಗ್ಗೆ, ಅವರು ಸಾಲೆಗೆ ಹೋದ ಮೇಲೆ, ಒಗೆಯಲೆಂದು ಅವರ ಕೋಟು ತೆಗೆದುಕೊಂಡೆ. ಕಿಸೆಯಲ್ಲಿ ಅಂಗೈ ಅಗಲದ, ಆರು ಮೂಲೆಯ, ದಪ್ಪನೆಯ ಒಂದು ಕಾಗದ ಸಿಕ್ಕಿತು. ನಡುವೆ ಕೂಡುವ ಗೆರೆಗಳು, ಸುತ್ತ ಆರು ತ್ರಿಕೋನ, ಎಲ್ಲಕ್ಕೂ ಅರಿಶಿನ ಬಳಿದಿತ್ತು. ತಿರುಗಿಸಿ ನೋಡಿದರೆ ಹಿಂದೆಲ್ಲ ಕುಂಕುಮ. ತ್ರಿಕೋನ, ಅರಿಶಿನ, ಕುಂಕುಮ! ನಮ್ಮ ಕಡೆ ಹುಟ್ಟಿ ಬೆಳೆದ ಹೆಂಗಸಿಗೆ ಇದು ಏನೆಂದು ಯಾರಾದರೂ ಬಿಡಿಸಿ ಹೇಳಬೇಕೇ? ಹೊಸ್ತಿಲ ಕೆಳಗೆ ಹುಗಿಯುತ್ತಾರೆ, ಮೂರು ದಾರಿ ಕೂಡುವಲ್ಲಿ ಲಿಂಬೆಹಣ್ಣಿನ ಜೊತೆ ಇಡುತ್ತಾರೆ ಎಂದು ಕೇಳಿದ್ದೆ. ಮಾಟದ ಯಂತ್ರ!

ಎಸೆಯಲು ಹೋಗಿ ಅದನ್ನು ಎರಡು ಬೆರಳಲ್ಲಿ ಹಿಂಡಿಬಿಟ್ಟೆ. ಅಷ್ಟೇ! ಅದು ಮೂರು ರೆಕ್ಕೆಯಾಗಿ ಮಡಚಿಕೊಂಡಿತು, ನಡುವೆ ಬಾಯಿ ಬಿಟ್ಟಿತು, ಹೂವಿನ ಹಾಗೆ ಅರಳಿ ಮತ್ತೆ ಸಪಾಟಾಯಿತು. ಅರಿಶಿನ ಇದ್ದಲ್ಲಿ ಈಗ ಕಪ್ಪು. ಕಾಡಿಗೆಯ ಕಪ್ಪು! ತಿರುಗಿಸಿದೆ. ಹಿಂದೆ ಅರಿಶಿನ. ಹಾಗಾದರೆ ಕುಂಕುಮ? ಆ ಕಡೆ ನೋಡಿದೆ, ಈ ಕಡೆ ನೋಡಿದೆ. ಕುಂಕುಮ ಎಲ್ಲಿಯೂ ಇಲ್ಲ. ಹೊಸದಾಗಿ ಮದುವೆಯಾದ ಮುತ್ತೈದೆ, ಗಂಡನ ಕೋಟು ಕೈಯಲ್ಲಿ, ಕಣ್ಣೆದುರೇ ಕುಂಕುಮ ಮಾಯವಾಗಿ ಕಪ್ಪು ಬಂದು ನಿಂತರೆ ಏನಾಗಬೇಕು ಹೇಳಿ. ನಾನು ಕಿಟಾರನೆ ಕಿರುಚಿದೆ.

ಅತ್ತೆ ಓಡಿ ಬಂದರು. ನೋಡಿದರು. "ಯಾವ ಹಾಳಾದವ್ರು ನನ್ನ ಮಗಗ ಮಾಡಿಸ್ಯಾರ!" ಎಂದು ಒಲೆಯ ಇಕ್ಕಳ ತಂದು, ಅದರಿಂದ ಆ ಕಾಗದವನ್ನು ಹಿಡಿದೆತ್ತಿ, ತೋಳು ಎಷ್ಟು ಉದ್ದವಿದೆಯೋ ಅಷ್ಟೂ ಚಾಚಿಕೊಂಡು ಹಿತ್ತಲಿಗೆ ಒಯ್ದರು. ಒಗೆಯುವ ಕಲ್ಲಿನ ಮೇಲಿಟ್ಟು, ಬೇವಿನ ಸೊಪ್ಪು ಮುಚ್ಚಿ, ಮೇಲೆ ಗೋಮೂತ್ರ ಚಿಮುಕಿಸಿದರು. ಅಷ್ಟರಲ್ಲಿ ಪಕ್ಕದ ಮನೆಯ ಬಳೆಗಾರ ಬೀಬಿ ಗೋಡೆಯ ಮೇಲಿಂದ ಇಣುಕಿದಳು.

"ಏನೈತ್ರಿ ಅದು?"

"ಮಾಟ ಐತೆವ್ವಾ ಬೀಬೀ! ಮಾಸ್ತರನ ಕಿಸೇದಾಗ!"

"ಯಾ ಅಲ್ಲಾ! ಎಡಗೈಲೆ ಮುಟ್ಟಬ್ಯಾಡ್ರಿ. ದರ್ಗಾದಾಗ ತಾಯತ ಕಟ್ಟಿಸಿಕೊಂಡ ಬರೋಣು ನಡೀರಿ."

ತಾಯತ ಬಂತು. ಬಾಗಿಲಿಗೆ ಲಿಂಬೆಹಣ್ಣು ಬಂತು. ಸಂಜೆ ಸಾಲೆ ಬಿಟ್ಟು ಬಂದ ಮಗನನ್ನು ಅತ್ತೆ ಹೊಸ್ತಿಲ ಹೊರಗೇ ನಿಲ್ಲಿಸಿ, ಉಪ್ಪು-ಮೆಣಸಿನಕಾಯಿ ನಿವಾಳಿಸಿ, ತೋಳಿಗೆ ತಾಯತ ಕಟ್ಟಿದರು. ಇವರು ಏನು ಎತ್ತ ಕೇಳದೆ ಕಟ್ಟಿಸಿಕೊಂಡರು. ತಾಯತದ ಒಳಗಿನ ಕಾಗದ ಹೇಗೆ ಮಡಚಿದ್ದಾರೆಂದು ತಿಳಿಯುವ ಆಸೆ ಇದ್ದಿರಬೇಕು! ಆಮೇಲೆ ಸಂಗತಿ ತಿಳಿದು ಹಿತ್ತಲಿಗೆ ಓಡಿದರು. ಬೇವಿನ ಸೊಪ್ಪು ಸರಿಸಿ, ತೊಯ್ದು ತೊಪ್ಪೆಯಾದ ಕಾಗದವನ್ನು ಅಂಗೈಯಲ್ಲಿ ಎತ್ತಿಕೊಂಡು, "ಯಾರವ್ವಾ ನೀರು ಹಾಕಿದವ್ರು? ಎಲ್ಲಾ ಗೋಂದು ಬಿಟ್ಟತಲ್ಲ!" ಎಂದರು. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು.

ಕತೆ ಇಷ್ಟು. ಧಾರವಾಡದ ಕಾಲೇಜಿನಲ್ಲಿದ್ದ ಇವರ ಗೆಳೆಯರೊಬ್ಬರು ಪರದೇಶದ ಮಾಸಪತ್ರಿಕೆಯೊಂದರಲ್ಲಿ ಇಂಥ ಆಟಿಕೆಯ ವಿಷಯ ಓದಿ, ಇವರ ಮುಂದೆ ಬಾಯಿಮಾತಿನಲ್ಲಿ ಹೇಳಿದ್ದರಂತೆ. ಮಾಡುವ ಬಗೆ ಅವರಿಗೂ ನೆನಪಿರಲಿಲ್ಲ. ಇವರು ದೀಪಾವಳಿಯ ಸೂಟಿ ಪೂರ್ತಿ ಕುಳಿತು ಮಡಚಿ ಮಡಚಿ, ತಾವೇ ಅದನ್ನು ಕಂಡುಹಿಡಿದಿದ್ದರು. ಉದ್ದನೆಯ ಒಂದು ದಪ್ಪ ಕಾಗದದ ಪಟ್ಟಿ, ಜಾಲಿಯ ಗೋಂದು, ಬಣ್ಣಕ್ಕೆ ಅತ್ತೆಯ ದೇವರ ಕೋಣೆಯ ಅರಿಶಿನ-ಕುಂಕುಮ, ಮತ್ತು ನನ್ನ ಕರಡಿಗೆಯ ಕಾಡಿಗೆ. ದಿನದಿನಕ್ಕೆ ನನ್ನ ಕಾಡಿಗೆ ಯಾಕೆ ಕರಗುತ್ತಿದೆ ಎಂದು ನಾನು ಇಲಿಗಳ ಮೇಲೆ ಸಂಶಯಪಟ್ಟಿದ್ದೆ!

ಅಂದು ಸಂಜೆ ಅತ್ತೆ, ಬೀಬಿ, ನಾನು ಮೂವರನ್ನೂ ಪಡಸಾಲೆಯಲ್ಲಿ ಕೂಡಿಸಿ ಪಾಠ ಶುರುಮಾಡಿದರು. ಹೊಸ ಪಟ್ಟಿ ಕತ್ತರಿಸಿ ಸಮಬಾಹು ತ್ರಿಕೋನಗಳನ್ನು ಗೀರಿದರು.

"ಇವು ಹತ್ತು. ಒಂದು ಗೋಂದಿಗೆ ಹೋತು. ಉಳದವು ಒಂಬತ್ತು. ಕಾಗದಕ್ಕ ಮಗ್ಗಲು ಎರಡು. ಒಂಬತ್ತೆರಡ್ಲೆ ಹದಿನೆಂಟು. ಆರು ಮೂಲಿ ಐತಿ, ಅಂದ್ರ ಒಂದು ಮುಖಕ್ಕ ಆರು ತ್ರಿಕೋನ. ಹದಿನೆಂಟರಾಗ ಆರು ಎಷ್ಟು ಸಲ ಹೋಗತೈತಿ?" ಎಂದು ಸೀದಾ ನನ್ನ ಕಡೆ ಬೆರಳು ಮಾಡಿದರು.

"ಮೂರು" ಎಂದೆ, ಇರುವೆಗೂ ಕೇಳದಷ್ಟು ಸಣ್ಣ ಧ್ವನಿಯಲ್ಲಿ.

"ಶಾಭಾಸ್! ಎರಡು ಮುಖ ಕಾಣತಾವ. ಮೂರನೇದು ಒಳಗ ಮಡಚಿಕೊಂಡು ಕುಂತಿರ್ತೈತಿ. ಹಿಂಡಿದ್ರ ಒಳಗಿಂದು ಮುಂದ ಬರತೈತಿ, ಮುಂದಿಂದು ಹಿಂದ ಹೋಗತೈತಿ, ಹಿಂದಿಂದು ಒಳಗ ಹೋಗತೈತಿ. ಕುಂಕಮ ಎಲ್ಲೂ ಹೋಗಿಲ್ಲ. ಒಳಗೈತಿ."

ಪಟ್ಟಿ ಮಡಚಿ, ಗೋಂದು ಹಚ್ಚಿ, ಮೂರು ಬಣ್ಣ ಬಳಿದು ಹಿಂಡುತ್ತ ಹೋದರು. ಕುಂಕುಮ ಅರಳಿ ಬಂತು. ಅತ್ತೆ ಎರಡೂ ಕೈ ಜೋಡಿಸಿ ಕಾಗದಕ್ಕೆ ನಮಸ್ಕಾರ ಮಾಡಿದರು. ಬೀಬಿ ಎದ್ದು ಸೆರಗು ಕೊಡವಿಕೊಂಡು, "ನಮ್ಮ ಮನಿಯಾಂವಂದು ಎರಡ ಮುಖ ನೋಡೂದ್ರಾಗನ ನನಗ ಸಾಕಾಗೈತಿ. ಮೂರನೇದು ಬ್ಯಾಡ್ರಿ ಮಾಸ್ತರ್ರ" ಎಂದು ಮನೆಗೆ ಹೋದಳು.

ಅತ್ತೆಗೆ ಒಂದು ಸಂಶಯ ಉಳಿದಿತ್ತು. "ಮಾಟ ಅಲ್ಲಂದ್ರ ಇದನ್ನ ಯಾಕ ಮಾಡಿದಿ?"

"ಸುಮ್ನ."

ಈ ಒಂದು ಶಬ್ದ ನನ್ನ ಎದೆಯಲ್ಲಿ ನಟ್ಟುಬಿಟ್ಟಿತು. ಮಾಟವಾಗಿದ್ದರೆ ತೆಗೆಸಬಹುದಿತ್ತು. ಕುಡಿತ, ಇಸ್ಪೀಟು ಆಗಿದ್ದರೆ ದೇವರಿಗೆ ಹರಕೆ ಹೊರಬಹುದಿತ್ತು. ಸುಮ್ಮನೆ ಮಾಡುವವನಿಗೆ ಏನು ಮಾಡುವುದು? ಸುಮ್ಮನೆ ಮದುವೆಯಾದರೇ? ಸುಮ್ಮನೆ ಬಿಟ್ಟೂ ಹೋಗಬಹುದೇ? ಮೂರು ಬಾಜೂ ಸಮ ಬಂದವೆಂದು ತಂದ ಹೆಂಡತಿ ಯಾರೆಂಬುದು ಈ ಮನುಷ್ಯನಿಗೆ ಗೊತ್ತಾದರೂ ಇದೆಯೇ? ಹಗಲೆಲ್ಲ ನನಗೆ ಇದೇ ಯೋಚನೆ. ಕೇಳೋಣವೆಂದರೆ ನಾಲಿಗೆ ಏಳುವುದಿಲ್ಲ, ಇಂಥ ಮಾತನ್ನು ಅತ್ತೆಯ ಬಾಯಲ್ಲಿ ಕೇಳಿಸುವ ಹಾಗೂ ಇಲ್ಲ.

ನರಗುಂದದಲ್ಲಿ ಇವರ ಅಕ್ಕನ ಮನೆ. ಅಲ್ಲಿಗೆ ತೊಟ್ಟಿಲ ಶಾಸ್ತ್ರಕ್ಕೆಂದು ಇಬ್ಬರೂ ಬಸ್ಸಿನಲ್ಲಿ ಹೊರಟೆವು. ಎದುರಿನ ಸೀಟಿನಲ್ಲಿ ಒಬ್ಬ ಗೌಡರು. ಹುರಿ ಮಾಡಿದ ಮೀಸೆ, ಕೆಂಪು ರುಮಾಲು, ತೊಡೆಯ ಸಂದಿಯಲ್ಲಿ ಹೊಸ ಕೊಡಲಿ. ಸಂತೆಯಲ್ಲಿ ಕೊಂಡದ್ದಿರಬೇಕು. ಆದರೆ ನನ್ನ ಕಣ್ಣಿಗೆ ಅದು ನಮಗಾಗಿಯೇ ತಂದ ಹಾಗೆ ಕಾಣುತ್ತಿತ್ತು. ಇವರು ಕಿಸೆಗೆ ಕೈ ಹಾಕಿದರು. ಬೇಡ, ಬೇಡ ಎಂದು ನಾನು ಮನಸ್ಸಿನಲ್ಲೇ ಎಲ್ಲ ದೇವರನ್ನೂ ಕೂಗಿದೆ.

"ಗೌಡ್ರ, ಇದರಾಗ ಎಷ್ಟು ಬಣ್ಣ ಅದಾವ ನೋಡಿ ಹೇಳ್ರಿ."

ಗೌಡರು ತಿರುಗಿಸಿ ನೋಡಿ, "ಎರಡು. ಹಳದಿ, ಕೆಂಪು" ಎಂದರು.

ಇವರು ಇಸಿದುಕೊಂಡು ಹಿಂಡಿದರು. ಕಪ್ಪು ಬಂತು. ಗೌಡರ ಮೀಸೆ ಕುಣಿಯಿತು. ಇವರು ಅದನ್ನು ಮೊದಲಿನಂತೆ ಮಾಡಿ ಗೌಡರ ಕೈಗಿಟ್ಟರು. ನೇಗಿಲು ಹಿಡಿದ ಆ ಬೆರಳುಗಳು ಎಲ್ಲಿ ಹಿಂಡಬಾರದೋ ಅಲ್ಲಿ ಹಿಂಡಿದವು. ಕಾಗದ ತೆರೆಯಲಿಲ್ಲ. ತಿರುಗಿಸಿ ಹಿಂಡಿದರು. ತೆರೆಯಲಿಲ್ಲ. ಗೌಡರ ಮುಖ ರುಮಾಲಿನ ಬಣ್ಣಕ್ಕೆ ತಿರುಗಿತು. ನನ್ನ ಕಣ್ಣು ಕೊಡಲಿಯ ಮೇಲೆಯೇ ಇತ್ತು. ಇವರೋ, ಪರೀಕ್ಷೆಯ ಕೋಣೆಯಲ್ಲಿ ಹುಡುಗರನ್ನು ನೋಡುವ ಹಾಗೆ ಹಸನ್ಮುಖರಾಗಿ ಕುಳಿತಿದ್ದರು! ಅಷ್ಟರಲ್ಲಿ ಬಸ್ಸು ನಿಂತಿತು.

"ಗೌಡ್ರ, ನಿಮ್ಮೂರು ಬಂತು, ಇಳೀರಿ!" ಎಂದು ಕಂಡಕ್ಟರ ಕೂಗಿದ.

"ಏ ತಡಿಯೋ ಮಾರಾಯಾ, ಕರೇ ಬಣ್ಣ ಬರವಲ್ದು!"

ಊರು ಬಂತು, ಊರು ಹೋಯಿತು. ನರಗುಂದದ ಗುಡ್ಡ ಕಂಡಿತು. ಬಸ್ಸು ನಿಂತ ಮೇಲೆ ಗೌಡರು ಎದ್ದು, ಕೊಡಲಿಯನ್ನು ಹೆಗಲಿಗೇರಿಸಿ, ಇವರ ಎದುರು ಬಂದು ನಿಂತರು. ನಾನು ಕಣ್ಣು ಮುಚ್ಚಿಕೊಂಡೆ.

"ಮಾಸ್ತರ್ರ, ನಾ ಹೊಳ್ಳಿ ಊರಿಗೆ ಹೋಗಬೇಕು. ದಾರಿ ದೂರ ಐತಿ. ಇದನ್ನ ಒಯ್ಯಲೇನ್ರಿ?"

ಕಣ್ಣು ತೆರೆದೆ. ಗೌಡರು ರುಮಾಲಿನ ತುದಿಗೆ ಅದನ್ನು ಗಂಟು ಹಾಕಿಕೊಳ್ಳುತ್ತಿದ್ದರು. ಇವರಿಗೆ ಬಹುಮಾನ ಬಂದಷ್ಟು ಸಂತೋಷ. ಮನೆಗೆ ಹೋದ ಮೇಲೆ ಮತ್ತೊಂದು ಮಾಡುತ್ತಾರೆ ಎಂದು ನನಗೆ ಗೊತ್ತಾಯಿತು. ರೋಣಕ್ಕೆ ಮರಳಿದ ಕೂಡಲೇ ಕಾಡಿಗೆಯ ಕರಡಿಗೆಯನ್ನು ಟ್ರಂಕಿನ ಅಡಿಯಲ್ಲಿ ಬಚ್ಚಿಟ್ಟೆ.

ಮುಂದಿನ ವರ್ಷ ನಾನು ಬಸುರಿಯಾದೆ. ಈ ಸುದ್ದಿಯೂ ಅತ್ತೆಯ ಮೂಲಕವೇ ಹೋಯಿತು. ಇವರು ನನ್ನನ್ನೊಮ್ಮೆ ನೋಡಿ, ಎದ್ದು ಹೋಗಿ, ಇನ್ನೂ ಉದ್ದನೆಯ ಒಂದು ಪಟ್ಟಿ ಕತ್ತರಿಸಲು ಕುಳಿತರು. ಈ ಸಲದ್ದು ಆರು ಮಗ್ಗುಲಿನದು! ಪಟ್ಟಿಯನ್ನು ಮೊದಲು ಸುರುಳಿ ಸುತ್ತಿ, ಆಮೇಲೆ ಮೊದಲಿನ ಹಾಗೆ ಮಡಚಬೇಕು. ಇದರ ಸ್ವಭಾವ ಬೇರೆಯಂತೆ. ಮೂರು ಬಣ್ಣ ಪದೇ ಪದೇ ಬರುತ್ತವೆ, ಉಳಿದ ಮೂರು ಅಪರೂಪಕ್ಕೆ ಮುಖ ತೋರಿಸುತ್ತವೆ. "ಒಂದ ಮೂಲಿ ಹಿಡದು ತೆರಕೋಂತ ಹೋಗಬೇಕು. ಅದು ತೆರಿಯೂದು ನಿಂತ ಕೂಡಲೆ ಬಾಜೂದ ಮೂಲಿ ಹಿಡೀಬೇಕು. ಗಡಬಡಿ ಮಾಡಬಾರದು. ಹಿಂಗ ಹೋದ್ರ ಆರೂ ಬರತಾವ, ಬರಾಕಬೇಕು" ಎಂದು ಗೋಡೆಗೆ ಪಾಠ ಹೇಳಿದರು. ಗೋಡೆಯ ಪಕ್ಕ ನಾನು ಕುಳಿತಿದ್ದೆ.

ನನ್ನ ಹೆದರಿಕೆ ಬೇರೆಯೇ ಇತ್ತು. ನಮ್ಮ ಅವ್ವನ ತಂಗಿ ಚೊಚ್ಚಲ ಹೆರಿಗೆಯಲ್ಲಿ ಸತ್ತದ್ದನ್ನು ನಾನು ಸಣ್ಣವಳಿದ್ದಾಗ ನೋಡಿದ್ದೆ. ಬಾಣಂತಿ ಕೋಣೆಗೆಂದು ಬಿಸಿ ಮಾಡಿದ ನೀರನ್ನು ಯಾರೋ ಹಿತ್ತಲಿಗೆ ಚೆಲ್ಲಿದರು. ಆ ನೀರು ಹರಿದು ಹೋದದ್ದು ನನ್ನ ಕಣ್ಣಿಗೆ ಕಟ್ಟಿದೆ. ಹೊಟ್ಟೆ ಬೆಳೆದಷ್ಟೂ ನನ್ನ ಭಯ ಬೆಳೆಯಿತು. ನನಗೂ ಹಾಗೆಯೇ ಆಗುತ್ತದೆ ಎಂದು ಖಾತ್ರಿಯಾಗಿತ್ತು. ಇದನ್ನು ಇವರಿಗೆ ಒಂದು ಸಲ ಹೇಳಬೇಕು ಎನಿಸುತ್ತಿತ್ತು. ತಂಬಿಗೆ ಕುಟ್ಟಿ ಹೇಳುವ ಮಾತೇ ಇದು?

ಹೆರಿಗೆಗೆ ಗಜೇಂದ್ರಗಡಕ್ಕೆ ಬಂದೆ. ಇವರು ಪ್ರತಿ ರವಿವಾರ ಬಸ್ಸು ಹತ್ತಿ ಬರತೊಡಗಿದರು. ಬರುವುದೇನೋ ಬಂದರು, ಅಳಿಯಂದಿರು ಬಸುರಿಯ ಕೋಣೆಯ ಹತ್ತಿರ ಸುಳಿಯುವ ಹಾಗಿಲ್ಲವಲ್ಲ, ಅಪ್ಪನ ಅಂಗಡಿಯಲ್ಲಿ ಕುಳಿತರು. ಅಂಗಡಿಯಲ್ಲಿ ಏನಿದೆ? ಸೀರೆ! ಅಗಲ ಬೇಕಾದಷ್ಟು, ಉದ್ದ ಬೇಕಾದಷ್ಟು. ಬಿಚ್ಚಿದ ಸೀರೆಗಳನ್ನೆಲ್ಲ ಇವರು ತ್ರಿಕೋನವಾಗಿ ಘಡಿ ಮಾಡಿಟ್ಟರು. ರೇಷ್ಮೆಯ ಸೆರಗಿಗೆ ಅಡ್ಡಾದಿಡ್ಡಿ ಗೆರೆ ಬಿದ್ದರೆ ಅಲ್ಲಿಯೇ ಸೀಳುತ್ತದೆ. ಅಪ್ಪನ ಜೀವ ಹಾರಿಹೋಗುತ್ತಿತ್ತು. ಆದರೆ ಅಳಿಯನಿಗೆ ಏನಾದರೂ ಅನ್ನುವುದುಂಟೇ!

"ಭಾಳ ಚಲೋ ಘಡಿ ಮಾಡತೀರಿ ಅಳಿಯಂದ್ರ" ಎನ್ನುತ್ತಿದ್ದರು ಅಪ್ಪ, ಹಣೆ ಒರೆಸಿಕೊಳ್ಳುತ್ತ. "ಒಂದೀಟು ಚಹಾ ಕುಡೀರಲ್ಲ. ಕೈಗೆ ಆರಾಮ ಸಿಗತೈತಿ."

ಅಂಗಡಿಯ ರವಿವಾರದ ವಹಿವಾಟೇ ಬದಲಾಯಿತು. ಶನಿವಾರ ಸಂಜೆಯೇ ಅಪ್ಪ ಬೆಲೆಬಾಳುವ ಸೀರೆಗಳನ್ನೆಲ್ಲ ಅಟ್ಟಕ್ಕೇರಿಸಿ, ಮುಂದೆ ಬರಿಯ ನೂಲಿನವನ್ನು ಇಡುತ್ತಿದ್ದರು. ಒಬ್ಬ ಗಿರಾಕಿ ಹೆಂಗಸಂತೂ ಮೂರು ಮೂಲೆಯ ಸೀರೆ ಕಂಡು, ಹೊಸ ಮಾದರಿಯ ಮಾಲು ಬಂದಿದೆ ಎಂದು ಎರಡು ಕೊಂಡು ಹೋದಳಂತೆ! ಒಳಗೆ ಮಲಗಿದ್ದ ನನಗೆ ಅವ್ವ ಇದನ್ನು ಹೇಳಿ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ನಕ್ಕು ಗೋಡೆಯ ಕಡೆ ಹೊರಳುತ್ತಿದ್ದೆ. ವಾರಕ್ಕೊಮ್ಮೆ ಬಂದು ಹೋಗುತ್ತಾರೆ, ಸೀರೆ ಮಡಚಲು ಬರುತ್ತಾರೋ ನನ್ನ ಸಲುವಾಗಿ ಬರುತ್ತಾರೋ?

ಬೇನೆ ಬಂದದ್ದೂ ಒಂದು ರವಿವಾರವೇ. ಬೆಳಿಗ್ಗೆಯಿಂದ ಒದ್ದಾಡಿದೆ. ಮಧ್ಯಾಹ್ನ ಸೂಲಗಿತ್ತಿ ಕೈ ತೊಳೆದುಕೊಂಡು ಹೊರಗೆ ಹೋಗಿ, "ಕೂಸು ಅಡ್ಡ ಬಿದ್ದೈತ್ರಿ. ನನ್ನ ಕೈಲೆ ಆಗೂದುಲ್ಲ. ಗದಗಿಗೆ ಒಯ್ರಿ, ಲಗೂನ ಒಯ್ರಿ" ಎಂದಳು. ಬಸ್ಸು ಇರಲಿಲ್ಲ. ಶೇಂಗಾ ಚೀಲ ತುಂಬಿ ನಿಂತಿದ್ದ ಒಂದು ಲಾರಿಯ ಚೀಲಗಳ ಮೇಲೆ ಹಾಸಿಗೆ ಹಾಸಿ ನನ್ನನ್ನು ಮಲಗಿಸಿದರು. ತಲೆಯ ಹತ್ತಿರ ಅವ್ವ, ಕಾಲ ಹತ್ತಿರ ಇವರು, ಮುಂದೆ ಡ್ರೈವರನ ಬಳಿ ಅಪ್ಪ. ರಸ್ತೆಯ ಒಂದೊಂದು ತಗ್ಗಿಗೂ ನನ್ನ ಪ್ರಾಣ ಹೋಗಿ ಬರುತ್ತಿತ್ತು. ಕಣ್ಣು ಬಿಟ್ಟಾಗೊಮ್ಮೆ ನೋಡಿದೆ. ಇವರ ಕೈಯಲ್ಲಿ ಆ ಆರು ಮಗ್ಗುಲಿನ ಕಾಗದ! ಹಿಂಡುತ್ತಿದ್ದರು, ತೆರೆಯುತ್ತಿದ್ದರು, ಮತ್ತೆ ಹಿಂಡುತ್ತಿದ್ದರು. ಸಾವಿನ ಭಯದ ನಡುವೆಯೂ ಸಿಟ್ಟು ಬರುತ್ತದೆ ಎಂದು ನನಗೆ ಆಗ ಗೊತ್ತಾಯಿತು. ನಾನಿಲ್ಲಿ ಸಾಯುತ್ತಿದ್ದೇನೆ, ಈ ಮನುಷ್ಯ ಬಣ್ಣ ಹುಡುಕುತ್ತಿದ್ದಾರೆ!

ದವಾಖಾನೆಯಲ್ಲಿ ನನ್ನನ್ನು ಒಳಗೆ ಮಲಗಿಸಿದರು. ಬಾಗಿಲಿಗೆ ಬರಿಯ ಒಂದು ಬಿಳಿ ಪರದೆ. ಆಚೆಯ ಒಂದೊಂದು ಮಾತೂ ಕೇಳುತ್ತಿತ್ತು. ಡಾಕ್ಟರಬಾಯಿ ನನ್ನನ್ನು ಪರೀಕ್ಷೆ ಮಾಡಿ ಹೊರಗೆ ಹೋದರು.

"ಕೂಸು ಅಡ್ಡ ಐತಿ. ನಾ ಕೈ ಹಾಕಿ ತಿರುಗಿಸಿ ನೋಡತೀನಿ. ತಿರುಗಲಿಲ್ಲಂದ್ರ ತಾಯಿ, ಕೂಸು ಇಬ್ಬರನೂ ಉಳಸೂದು ಆಗೂದುಲ್ಲ. ಯಾರನ್ನ ಉಳಸಬೇಕು ಅನ್ನೂದನ್ನ ಈಗ ಹೇಳಿಬಿಡ್ರಿ. ಆಮ್ಯಾಲ ಕೇಳಾಕ ವ್ಯಾಳ್ಯಾ ಇರೂದುಲ್ಲ."

ಅವ್ವ ಅತ್ತ ಸದ್ದು ಕೇಳಿತು. ಅಪ್ಪ ಗಂಟಲು ಸರಿಮಾಡಿಕೊಂಡು, "ಕೊಟ್ಟ ಮಗಳು. ನಾವು ಹೇಳೂ ಹಂಗಿಲ್ರಿ. ಅಳಿಯಂದ್ರ ಹೇಳಬೇಕು" ಎಂದರು.

ನಾನು ಬೇನೆಯನ್ನೂ ಮರೆತು ಪರದೆಯನ್ನೇ ನೋಡಿದೆ. ಈಗ ಈ ಮನುಷ್ಯ ಲೆಕ್ಕ ಹಾಕುತ್ತಾರೆ. ಎರಡು ಮಗ್ಗುಲು ಕಂಡರೆ ಮೂರನೆಯದೊಂದು ಇರಲೇಬೇಕು ಎಂದು ಡಾಕ್ಟರಬಾಯಿಗೆ ಪಾಠ ಹೇಳುತ್ತಾರೆ. ಇಲ್ಲದಿದ್ದರೆ ವಂಶ ಬೆಳೆಯಲಿ, ಕೂಸನ್ನು ಉಳಿಸಿ ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಹಾಗೆ ಹೇಳಿದ್ದನ್ನು ಕೇಳಿದ್ದೆ. ನನ್ನ ಬದಲು ಇನ್ನೊಬ್ಬಳು ಎಲೆ ಮಡಚಿಯಾಳು. ನನ್ನಲ್ಲಿ ಅಂಥದ್ದೇನಿದೆ?

"ಅಕಿ ಬೇಕ್ರಿ."

ಅದು ಇವರ ಧ್ವನಿ ಎಂದು ಗುರುತು ಹತ್ತಲಿಲ್ಲ, ಅಷ್ಟು ಒಡೆದಿತ್ತು. ಡಾಕ್ಟರಬಾಯಿ ಏನೋ ಅಂದರು. ಆಗ ಇಡೀ ದವಾಖಾನೆಗೆ ಕೇಳುವ ಹಾಗೆ ಕೂಗಿದರು.

"ನನಗ ಅಕಿ ಬೇಕು! ನನಗ ಬ್ಯಾರೆ ಏನೂ ಬ್ಯಾಡ, ಅಕಿ ಬೇಕು!"

ಹೆಂಡತಿ ಬೇಕೆಂದು ಗಂಡಸು ಬಾಯಿಬಿಟ್ಟು ಹೇಳುವ ಕಾಲವೇ ಅದು? ಅದೂ ಹೆಣ್ಣು ಕೊಟ್ಟ ಅತ್ತೆ-ಮಾವನ ಎದುರಿಗೆ! ಆ ಹೊತ್ತಿನಲ್ಲೂ ಅವ್ವ ನಾಚಿ ಬಾಯಿಗೆ ಸೆರಗು ಹಿಡಿದಳಂತೆ, ಅಪ್ಪ ಗೋಡೆಯ ಕಡೆ ತಿರುಗಿ ನಿಂತರಂತೆ. ಒಳಗೆ ನಾನು ಹಾಸಿಗೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅತ್ತುಬಿಟ್ಟೆ. ಅದು ಬೇನೆಯ ಅಳುವಾಗಿರಲಿಲ್ಲ.

ಡಾಕ್ಟರಬಾಯಿ ಒಳಗೆ ಬಂದು ರವಿಕೆಯ ತೋಳು ಮಡಚಿದರು. ಆಮೇಲೆ ಆದದ್ದನ್ನು ನಾನು ಹೇಳಲಾರೆ, ನನಗೆ ನೆನಪೂ ಇಲ್ಲ. ಕೂಸು ತಿರುಗಿತು. ಹೆಣ್ಣು. ಮೊದಲು ಅಳಲಿಲ್ಲ, ಬೆನ್ನಿಗೆ ಎರಡು ಬಡಿದ ಮೇಲೆ ಅತ್ತಿತು.

ಸಂಜೆಯ ಬಿಸಿಲು ಇನ್ನೂ ಇತ್ತು. ನನ್ನನ್ನು ಬೇರೆ ಕೋಣೆಯಲ್ಲಿ ಮಲಗಿಸಿದ್ದರು. ಅವ್ವ ಕೂಸನ್ನು ಹಳೆಯ ಮೆತ್ತನೆಯ ಸೀರೆಯ ತುಂಡಿನಲ್ಲಿ ಸುತ್ತಿ ಎತ್ತಿಕೊಂಡು ನಿಂತಿದ್ದಳು. ಇವರು ಬಾಗಿಲಲ್ಲಿ ಕಾಣಿಸಿದರು. ಮೈತುಂಬ ಶೇಂಗಾದ ಧೂಳು. ಹೊಸ್ತಿಲು ದಾಟಿ ಬರಲಿಲ್ಲ.

"ತಗೋರಿ ಅಳಿಯಂದ್ರ, ನಿಮ್ಮ ಮಗಳು" ಎಂದು ಅವ್ವ ಕೂಸನ್ನು ಮುಂದೆ ಚಾಚಿದಳು.

ಇವರು ಒಂದು ಹೆಜ್ಜೆ ಹಿಂದೆ ಸರಿದರು. ಎರಡೂ ಕೈಗಳನ್ನು ಬೆನ್ನ ಹಿಂದೆ ಒಯ್ದರು.

"ಬ್ಯಾಡ್ರಿ. ನನ್ನ ಕೈ ಚಲೋ ಇಲ್ಲ. ಏನರ ತಪ್ಪಿ ಮಡಚಿಬಿಟ್ಟೇನು."

ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ಅವರು ಬಾಗಿಲ ಚೌಕಟ್ಟಿಗೆ ಬೆನ್ನು ಒತ್ತಿ ನಿಂತು, ಕೂಸನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಲಾರಿಯಲ್ಲಿ ಆ ಬೆರಳುಗಳು ಯಾಕೆ ನಿಲ್ಲದೆ ಆಡುತ್ತಿದ್ದವು ಎಂದು ನನಗೆ ಆಗ ತಿಳಿಯಿತು. ನಾನು ಇಷ್ಟು ದಿನ ಅಂಜಿಕೊಂಡು ಬಾಳುವೆ ಮಾಡಿದ ಈ ಮನುಷ್ಯ ನನಗಿಂತ ದೊಡ್ಡ ಅಂಜುಬುರುಕ.

"ಅಂಜಬ್ಯಾಡ್ರಿ," ಎಂದೆ. "ನಾ ಅದೀನಿ. ಒಳಗ ಬರ್ರಿ."

ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ಮದುವೆಯಾದಂದಿನಿಂದ, ಅವರು ಕೇಳದೆ ನಾನಾಗಿ ಅವರಿಗೆ ಆಡಿದ ಮೊದಲ ಮಾತು ಅದು.

ಅವರು ಒಳಗೆ ಬಂದರು. ಕೂಸನ್ನು ಎತ್ತಿಕೊಳ್ಳಲಿಲ್ಲ. ಮಂಚದ ಪಕ್ಕ ಬರಿನೆಲದ ಮೇಲೆ ಕುಳಿತು, ಅವ್ವ ನೋಡುತ್ತಿದ್ದಂತೆಯೇ, ನನ್ನ ಕೈ ಹಿಡಿದುಕೊಂಡು ಅದರಲ್ಲಿ ಮುಖವಿಟ್ಟು ಅತ್ತರು.